ಕಾನೂನು ಪ್ರಶ್ನೆಗೆ ಉತ್ತರ ಹುಡುಕೋದು ಹೇಗೆ? ತಾರೀಖಿನಿಂದ ಶುರು ಮಾಡಿ

ಚೆಕ್ ಬೌನ್ಸ್ ಆಗಿ ನಲವತ್ತು ದಿನ ಕಳೆದ ಮೇಲೆ ನನ್ನ ಸೋದರಮಾವ ಫೋನ್ ಮಾಡಿದರು. ಅಷ್ಟರಲ್ಲಿ ಅವರು ಮೂರು ವಿಡಿಯೋ ನೋಡಿ ಮುಗಿಸಿದ್ದರು. ಒಂದರಲ್ಲಿ 15 ದಿನ ಅಂದಿದ್ದರಂತೆ, ಇನ್ನೊಂದರಲ್ಲಿ 30 ದಿನ, ಮತ್ತೊಂದರಲ್ಲಿ ಮೂರು ತಿಂಗಳು. "ಯಾವುದು ಸರಿ ಮಾರಾಯ?" ಅಂತ ಕೇಳಿದರು. ಮೂರೂ ಸರಿಯೇ. ಮೂರೂ ಬೇರೆ ಬೇರೆ ಹಂತದ ಗಡುವು, ಅಷ್ಟೇ. ಆದರೆ ಅವರಿಗೆ ಬೇಕಿದ್ದ, ಚೆಕ್ ಕೊಟ್ಟವನಿಗೆ ನೋಟಿಸ್ ಕಳಿಸುವ 30 ದಿನ ಆಗಲೇ ಮುಗಿದುಹೋಗಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಚೆಕ್ ಮೇಲೆ ಯಾವ ತಾರೀಖಿದೆ?" ಚೆಕ್ಕಿಗೆ ಆ ತಾರೀಖಿನಿಂದ ಮೂರು ತಿಂಗಳು ಆಯುಸ್ಸು. ಅವರದಕ್ಕೆ ಇನ್ನೂ ಒಂದು ತಿಂಗಳು ಬಾಕಿ ಇತ್ತು. ಮತ್ತೆ ಬ್ಯಾಂಕಿಗೆ ಹಾಕಿದರು, ಮತ್ತೆ ಬೌನ್ಸ್ ಆಯ್ತು. ಹೊಸ ಬೌನ್ಸಿಗೆ ಹೊಸ 30 ದಿನ. ಬಚಾವ್ ಆದರು.

ನಾನು ವಕೀಲಿ ಓದಿದವನಲ್ಲ. ಮನೆಯ ಜಮೀನಿನ ಕೇಸಿಗೆ ವರ್ಷಗಟ್ಟಲೆ ಕೋರ್ಟು, ತಾಲ್ಲೂಕು ಕಚೇರಿ ಅಲೆದು ಅಷ್ಟಿಷ್ಟು ಕಲಿತವನು. ಕಾನೂನಿನಲ್ಲಿ ಅರ್ಧ ಉತ್ತರ ತಾರೀಖಿನಲ್ಲೇ ಇರುತ್ತದೆ ಅನ್ನೋದು ಆ ಅಲೆದಾಟದಲ್ಲಿ ಗೊತ್ತಾಯಿತು.

ಹಂತ 1: ಮೊದಲು ಒಂದು ಹಾಳೆ ತಗೊಳ್ಳಿ

"ನನಗೆ ಮೋಸ ಆಗಿದೆ, ಏನು ಮಾಡಲಿ?" ಅಂತ ಹುಡುಕಿದರೆ ಏನೂ ಸಿಗೋದಿಲ್ಲ. ಹಾಳೆಯ ಎಡಗಡೆ ತಾರೀಖು, ಬಲಗಡೆ ಅವತ್ತು ಏನಾಯಿತು ಅಂತ ಬರೆಯಿರಿ. ಯಾರು ಯಾರಿಗೆ ಏನು ಕೊಟ್ಟರು, ಯಾವ ಕಾಗದಕ್ಕೆ ಸಹಿ ಆಯಿತು, ಯಾವಾಗ ಗೊತ್ತಾಯಿತು. ಸಿಟ್ಟು, ಬೈಗುಳ, "ಅವನು ಮೊದಲಿನಿಂದಲೂ ಹಾಗೇ" ಅನ್ನೋದೆಲ್ಲ ಬೇಡ.

ಕೊನೆಯಲ್ಲಿ ನಿಮಗೆ ಏನು ಬೇಕು ಅಂತ ಒಂದು ಸಾಲು ಬರೆಯಿರಿ. ದುಡ್ಡು ವಾಪಸ್ ಬೇಕಾ? ಆಸಾಮಿಗೆ ಶಿಕ್ಷೆ ಆಗಬೇಕಾ? ಮೊದಲನೆಯದು ಸಿವಿಲ್ ದಾರಿ, ಎರಡನೆಯದು ಕ್ರಿಮಿನಲ್ ದಾರಿ. ಕೆಲವು ವಿಷಯದಲ್ಲಿ ಎರಡೂ ಇರುತ್ತವೆ. ಪೊಲೀಸ್ ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂತ ಕಳಿಸಿದಾಗ ಜನ ಕಂಗಾಲಾಗೋದು ಈ ಸಾಲು ಮೊದಲೇ ಬರೆದುಕೊಳ್ಳದೆ ಇರೋದರಿಂದ.

ಹಂತ 2: ಕಾಯ್ದೆಯನ್ನು ಮೂಲದಲ್ಲೇ ಹುಡುಕಿ

ಕೇಂದ್ರದ ಕಾಯ್ದೆಗಳು 'ಇಂಡಿಯಾ ಕೋಡ್' ಅನ್ನೋ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಹೆಚ್ಚಿನವು ಕಲಂವಾರು, ಅಂದರೆ ಒಂದೊಂದು ಸೆಕ್ಷನ್ ಆಗಿ ಬಿಡಿಸಿಟ್ಟಿರುತ್ತವೆ, ತಿದ್ದುಪಡಿ ಆಗಿದ್ದರೆ ಅಡಿಟಿಪ್ಪಣಿ ಇರುತ್ತದೆ. ಕರ್ನಾಟಕದ ಕಾಯ್ದೆಗಳು ನಮ್ಮ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇವೆ. ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳಿ. ಆದರೆ ಎರಡಕ್ಕೂ ವ್ಯತ್ಯಾಸ ಕಂಡರೆ ಇಂಗ್ಲಿಷ್ ಪಾಠವನ್ನೂ ನೋಡಿ. ಸಂವಿಧಾನದ 348ನೇ ವಿಧಿ ಪ್ರಕಾರ ರಾಜ್ಯದ ಕಾಯ್ದೆಗೂ ಇಂಗ್ಲಿಷ್ ಪಾಠವೇ ಅಧಿಕೃತ. ಬೇಜಾರಿನ ವಿಷಯ, ಆದರೆ ಸದ್ಯಕ್ಕೆ ಹಾಗೇ ಇದೆ.

ಕೇಂದ್ರದ್ದೋ ರಾಜ್ಯದ್ದೋ ಅಂತ ಗೊತ್ತಾಗದಿದ್ದರೆ ಒಂದು ಅಂದಾಜು: ಜಮೀನು, ಪೊಲೀಸ್, ಸ್ಥಳೀಯ ಸಂಸ್ಥೆ ರಾಜ್ಯದ ಪಟ್ಟಿಯಲ್ಲಿವೆ. ಬ್ಯಾಂಕ್, ಚೆಕ್, ರೈಲ್ವೆ ಕೇಂದ್ರದ್ದು. ಮದುವೆ, ಉತ್ತರಾಧಿಕಾರ, ಕರಾರು, ಅಪರಾಧ ಇವೆಲ್ಲ ಕೇಂದ್ರ, ರಾಜ್ಯ ಎರಡೂ ಕಾಯ್ದೆ ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಅಂದರೆ ಕಾಯ್ದೆ ಕೇಂದ್ರದ್ದಾದರೂ ಕರ್ನಾಟಕದ ತಿದ್ದುಪಡಿ ಇರಬಹುದು, ಅದನ್ನೂ ನೋಡಬೇಕು.

ಇನ್ನೊಂದು ಗುಂಡಿ ಇದೆ, ತುಂಬ ಜನ ಬೀಳುತ್ತಾರೆ. ಕಾಯ್ದೆ ಓದಿ ನಿಲ್ಲಿಸಿಬಿಡೋದು. ಕಾಯ್ದೆಯ ಕೆಳಗೆ ನಿಯಮಗಳು ಇರುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತೆಗೆದು ನೋಡಿ. ಕೊಟ್ಟ ಬೆಲೆ ಒಂದು ಕೋಟಿ ರೂಪಾಯಿವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು ಅಂತ ಬರೆದಿದೆ. 2021ರ ನಿಯಮ ನೋಡಿದರೆ ಅದು 50 ಲಕ್ಷಕ್ಕೆ ಇಳಿದಿದೆ. 50 ಲಕ್ಷದಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ಕಾಯ್ದೆಯನ್ನು ಮಾತ್ರ ಓದಿ 60 ಲಕ್ಷದ ದೂರನ್ನು ಜಿಲ್ಲೆಗೆ ಒಯ್ದರೆ ತಪ್ಪು ಬಾಗಿಲು ತಟ್ಟಿದ ಹಾಗೆ.

ಹಂತ 3: ಅದು ಇವತ್ತು ಜಾರಿಯಲ್ಲಿದೆಯಾ?

2024ರ ಜುಲೈ 1ರಿಂದ ಐಪಿಸಿ (ಅಪರಾಧ, ಶಿಕ್ಷೆ ಹೇಳುವ ಕಾಯ್ದೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾಯ್ದೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ. ನಮ್ಮ ಬಾಯಲ್ಲಿ ಮಾತ್ರ ಹಳೇ ನಂಬರುಗಳೇ ಕೂತುಬಿಟ್ಟಿವೆ. ಮೋಸಗಾರನಿಗೆ ಇವತ್ತಿಗೂ "ಫೋರ್ ಟ್ವೆಂಟಿ" ಅಂತೀವಿ. ನ್ಯಾಯ ಸಂಹಿತೆಯಲ್ಲಿ ಇರೋದೇ 358 ಕಲಂ, 420 ಅನ್ನೋದೇ ಇಲ್ಲ. ವಂಚನೆ ಈಗ 318ರಲ್ಲಿದೆ. ಕೊಲೆಗೆ ಶಿಕ್ಷೆ ಹೇಳುವ 302 ಈಗ 103. ಹೊಸ ಪುಸ್ತಕದ 302 ತೆಗೆದರೆ ಧಾರ್ಮಿಕ ಭಾವನೆಗೆ ನೋವು ಮಾಡುವ ಮಾತಿನ ಬಗ್ಗೆ ಇದೆ! ನಿಷೇಧಾಜ್ಞೆ ಅಂದರೆ 144 ಅಂತ ಕೇಳಿ ಬೆಳೆದವರು ನಾವು. ನಾಗರಿಕ ಸುರಕ್ಷಾ ಸಂಹಿತೆಯ 144 ಹೆಂಡತಿ, ಮಕ್ಕಳು, ತಂದೆತಾಯಿಯ ಜೀವನಾಂಶದ್ದು. ನಿಷೇಧಾಜ್ಞೆ 163ಕ್ಕೆ ಹೋಗಿದೆ.

ಹಾಗಂತ ಐಪಿಸಿ ಪುಸ್ತಕ ರದ್ದಿಗೆ ಹಾಕಬೇಡಿ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಕೇಸು ಯಾವಾಗ ದಾಖಲಾಯಿತು ಅನ್ನೋದಲ್ಲ, ಘಟನೆ ಯಾವತ್ತು ನಡೆಯಿತು ಅನ್ನೋದು ಲೆಕ್ಕ. ನಿಮ್ಮ ಹಾಳೆಯ ಎಡಗಡೆ ಸಾಲು ಇಲ್ಲಿ ಕೆಲಸಕ್ಕೆ ಬರುತ್ತದೆ.

ಪುಸ್ತಕದಲ್ಲಿ ಅಚ್ಚಾಗಿದ್ದರೂ ಜಾರಿಯಾಗದ ಕಲಂ ಇರುತ್ತವೆ. ಅಪಘಾತ ಮಾಡಿ ಪರಾರಿಯಾಗುವ ಚಾಲಕರಿಗೆ ಶಿಕ್ಷೆ ಹೇಳುವ ಕಲಂ ವಿರುದ್ಧ ಲಾರಿಯವರು ಮುಷ್ಕರ ಮಾಡಿದ್ದು ನೆನಪಿದೆಯಲ್ವಾ? ಅದು ನ್ಯಾಯ ಸಂಹಿತೆಯ 106(2). ಜುಲೈ 1ರಿಂದ ಜಾರಿ ಅಂತ ಹೊರಡಿಸಿದ ಅಧಿಸೂಚನೆಯಲ್ಲಿ ಅದೊಂದನ್ನು ಹೊರಗಿಟ್ಟರು. ಇಂಥ ಅಧಿಸೂಚನೆ ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ ಸಿಗುತ್ತದೆ.

ಉಲ್ಟಾನೂ ಇದೆ. ಕೃಷಿಕರಲ್ಲದವರು ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ ಅಂತ ಇವತ್ತಿಗೂ ಎಷ್ಟೋ ಕಡೆ ಬರೆದಿರುತ್ತದೆ. ಆ ಅಡ್ಡಿ ಹಾಕಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲೇ ತೆಗೆದರು. ಓದುತ್ತಿರುವ ಬರಹ ಯಾವ ವರ್ಷದ್ದು ಅಂತ ಮೊದಲು ನೋಡಿ. ತಾರೀಖಿಲ್ಲದ ಬರಹ ಆದರೆ ಸುಮ್ನೆ ಮುಚ್ಚಿಬಿಡಿ.

ಹಂತ 4: ಕಾಯ್ದೆಯ ಕನ್ನಡ ಓದೋದು

ಇದು ಬೇರೆಯೇ ಕನ್ನಡ. ನಾಲ್ಕಾರು ಪದ ಹಿಡಿತಕ್ಕೆ ಬಂದರೆ ಸಾಕು. 'ತಕ್ಕದ್ದು' ಅಂದರೆ ಮಾಡಲೇಬೇಕು. 'ಬಹುದು' ಅಂದರೆ ಅಧಿಕಾರಿಯ ವಿವೇಚನೆಗೆ ಬಿಟ್ಟಿದ್ದು. "ನೀಡತಕ್ಕದ್ದು" ಮತ್ತು "ನೀಡಬಹುದು" ಇವೆರಡರ ನಡುವೆ ಎಷ್ಟೋ ಅರ್ಜಿಗಳು ಬಿದ್ದುಹೋಗಿವೆ. "ಏನೇ ಒಳಗೊಂಡಿದ್ದರೂ" ಅಂತ ಶುರುವಾದರೆ ಆ ಕಲಂ ಬೇರೆಯದನ್ನು ಮೀರಿ ನಿಲ್ಲುತ್ತದೆ. 'ಪರಂತು' ಅಂತ ಬಂದರೆ ಉಸಿರು ಬಿಗಿಹಿಡಿದು ಓದಿ, ವಿನಾಯಿತಿ, ಷರತ್ತು ಎಲ್ಲ ಅಲ್ಲೇ ಅಡಗಿರುತ್ತವೆ. ಇನ್ನು 'ಪ್ರಕರಣ'. ಪತ್ರಿಕೆಯಲ್ಲಿ ಪ್ರಕರಣ ಅಂದರೆ ಕೇಸು. ಸರ್ಕಾರಿ ಅನುವಾದದಲ್ಲಿ ಪ್ರಕರಣ ಅಂದರೆ ಸೆಕ್ಷನ್. ಕೋರ್ಟಲ್ಲಿ, ಠಾಣೆಯಲ್ಲಿ ಅದನ್ನೇ ಕಲಂ ಅಂತಾರೆ. ನಾನು ಇದು ಗೊತ್ತಿಲ್ಲದೆ ಮೊದಲ ಸಲ ಒಂದು ಪುಟವನ್ನು ನಾಲ್ಕು ಸಲ ಓದಿದ್ದೆ.

ಮಾವನ ಚೆಕ್ಕಿನ ಕಲಂ ಬಿಡಿಸಿ ನೋಡೋಣ. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138. ಮೊದಲ ಭಾಗದಲ್ಲಿ, ಸಾಲ ತೀರಿಸಲು ಕೊಟ್ಟ ಚೆಕ್ ದುಡ್ಡಿಲ್ಲದೆ ವಾಪಸ್ ಬಂದರೆ ಅಪರಾಧ, ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ಅಥವಾ ಎರಡೂ ಅಂತಿದೆ. ಗಡುವಿನ ಮಾತೇ ಇಲ್ಲ. ಅಲ್ಲಿಗೇ ನಿಲ್ಲಿಸಿದವರು ಕೆಟ್ಟರು. ಕೆಳಗಿನ ಪರಂತುಕದಲ್ಲಿ ಮೂರು ಷರತ್ತು ಕೂತಿವೆ. ಚೆಕ್ಕನ್ನು ಅದರ ಅವಧಿಯೊಳಗೆ ಬ್ಯಾಂಕಿಗೆ ಹಾಕಿರಬೇಕು. ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಸಿಕ್ಕಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ 15 ದಿನದೊಳಗೆ ಅವನು ದುಡ್ಡು ಕೊಡದೆ ಇರಬೇಕು. ನಾಲ್ಕನೇ ಗಡುವು ಇಲ್ಲಿ ಇಲ್ಲವೇ ಇಲ್ಲ, 142ರಲ್ಲಿದೆ: ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು.

ತಾರೀಖು ಹಾಕಿ ನೋಡಿ. ಮಾರ್ಚ್ 10ಕ್ಕೆ, ಚೆಕ್ ಬೌನ್ಸ್ ಆಗಿದೆ ಅನ್ನುವ ಬ್ಯಾಂಕ್ ಮೆಮೊ ಕೈಗೆ ಬಂತು. ಏಪ್ರಿಲ್ 9ರೊಳಗೆ ನೋಟಿಸ್ ಹೋಗಬೇಕು. ಮಾರ್ಚ್ 28ಕ್ಕೆ ಕಳಿಸಿದಿರಿ, ಏಪ್ರಿಲ್ 2ಕ್ಕೆ ಅವನಿಗೆ ಮುಟ್ಟಿತು. ಏಪ್ರಿಲ್ 17ರವರೆಗೆ ಅವನಿಗೆ ಸಮಯ. ಕೊಡಲಿಲ್ಲ ಅಂದರೆ ಮೇ 17ರೊಳಗೆ ದೂರು ದಾಖಲಿಸಿದರೆ ಕ್ಷೇಮ. ಹಾಗಾಗಿ ನೋಟಿಸ್ ಅಂಚೆಗೆ ಹಾಕಿದ ರಸೀದಿ, ಮುಟ್ಟಿದ ಸ್ವೀಕೃತಿ ಎರಡೂ ಚೆಕ್ಕಿನಷ್ಟೇ ಮುಖ್ಯ. ಈ ಕೇಸಿಗೆ ಪೊಲೀಸರ ಹತ್ತಿರ ಹೋಗಿ ಪ್ರಯೋಜನವಿಲ್ಲ, ನೇರ ಕೋರ್ಟು.

ಹಂತ 5: ತೀರ್ಪು ಹುಡುಕಿ, ಅದರ ಮುಂದಿನ ಕಥೆಯನ್ನೂ ಹುಡುಕಿ

ಸುಪ್ರೀಂ ಕೋರ್ಟಿನ ತೀರ್ಪುಗಳು ಅದರದೇ 'ಇ-ಎಸ್‌ಸಿಆರ್' ತಾಣದಲ್ಲಿ ಉಚಿತ, ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಹೈಕೋರ್ಟಿನವು ಹೈಕೋರ್ಟ್ ತಾಣದಲ್ಲಿವೆ. ಎಲ್ಲವನ್ನೂ ಒಂದೇ ಕಡೆ ಹುಡುಕಲು 'ಇಂಡಿಯನ್ ಕಾನೂನ್' ಅನುಕೂಲ. ಪದಗಳಿಗಿಂತ ಕಲಂ ಸಂಖ್ಯೆ, ಕಾಯ್ದೆಯ ಹೆಸರು ಹಾಕಿ ಹುಡುಕಿದರೆ ಬೇಗ ಸಿಗುತ್ತದೆ.

ತೀರ್ಪು ಸಿಕ್ಕಿದ ಖುಷಿಯಲ್ಲಿ ಕುಣಿಯಬೇಡಿ. ಅದು ಇನ್ನೂ ಬದುಕಿದೆಯಾ ನೋಡಬೇಕು. ನಮ್ಮಲ್ಲಿ ಮನೆಮನೆಯ ಪ್ರಶ್ನೆ ತಗೊಳ್ಳಿ: ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಪಾಲಿದೆಯಾ? ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಂಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. 2015ರಲ್ಲಿ ಪ್ರಕಾಶ್ ವರ್ಸಸ್ ಫೂಲವತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಆ ದಿನ ತಂದೆ ಬದುಕಿದ್ದರೆ ಮಾತ್ರ ಹಕ್ಕು ಅಂದಿತು. ಆ ಕೇಸು ಹೋಗಿದ್ದು ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ. "ಅಪ್ಪ 2001ರಲ್ಲೇ ತೀರಿಕೊಂಡರು, ನಿನಗೇನೂ ಇಲ್ಲ" ಅಂತ ಅಣ್ಣಂದಿರು ಹೇಳಲು ಅದು ಸಾಕಾಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಬದುಕಿರಬೇಕಿಲ್ಲ. 2015ರ ತೀರ್ಪು ಇವತ್ತಿಗೂ ಹುಡುಕಿದರೆ ಸಿಗುತ್ತದೆ. ಸತ್ತ ತೀರ್ಪು ಅಂತ ಅದರ ಹಣೆಯ ಮೇಲೆ ಬರೆದಿರುವುದಿಲ್ಲ. ಆ ತೀರ್ಪನ್ನು ಮುಂದೆ ಯಾವ ತೀರ್ಪುಗಳು ಉಲ್ಲೇಖಿಸಿವೆ ಅಂತ ಹುಡುಕಿ, ಹೊಸದರಿಂದ ಹಳೆಯದಕ್ಕೆ ಓದಿ.

ಇಲ್ಲೂ ಒಂದು ತಾರೀಖಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ವಿಭಾಗ ಆಗಿದ್ದರೆ ಅದನ್ನು ಈ ತಿದ್ದುಪಡಿ ಕೆದಕುವುದಿಲ್ಲ. ಮತ್ತೆ, ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಗೆ ಈ ಲೆಕ್ಕವೇ ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಮಕ್ಕಳು, ಇದ್ದರೆ ತಾಯಿ, ಎಲ್ಲರಿಗೂ ಸಮಪಾಲು.

ಹಂತ 6: ನಿಮ್ಮದೇ ಕೇಸು, ನಿಮ್ಮದೇ ಕಾಗದ

ಕೇಸು ಕೋರ್ಟಲ್ಲಿದ್ದರೆ ಅದಕ್ಕೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ವಕೀಲರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ತಾಣ ಅಥವಾ ಆಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ, ಹಿಂದಿನ ವಿಚಾರಣೆಯಲ್ಲಿ ಏನಾಯಿತು, ಆದೇಶದ ಪ್ರತಿ ಎಲ್ಲ ಸಿಗುತ್ತವೆ. "ಮುಂದಿನ ತಿಂಗಳು ಅಂದ್ರು" ಅಂತ ಕಾಯ್ದು ಕೂರಬೇಕಿಲ್ಲ. ನಮ್ಮ ಕೇಸು ಒಮ್ಮೆ ನಾವು ಹಾಜರಿಲ್ಲ ಅಂತ ವಜಾ ಆಗಿತ್ತು, ಅದು ನಮಗೆ ಗೊತ್ತಾಗಿದ್ದು ಐದು ತಿಂಗಳ ನಂತರ. ಅವತ್ತಿನಿಂದ ಪ್ರತಿ ಸೋಮವಾರ ಆಪ್ ತೆಗೆದು ನೋಡೋದು ಅಭ್ಯಾಸ.

ಜಮೀನಿಗೆ ಸರ್ಕಾರದ 'ಭೂಮಿ' ತಾಣದಲ್ಲಿ ಪಹಣಿ, 'ಕಾವೇರಿ' ತಾಣದಲ್ಲಿ ಋಣಭಾರ ಪತ್ರ (ಇಸಿ) ಸಿಗುತ್ತವೆ. ಎರಡರ ಮಿತಿಯೂ ಗೊತ್ತಿರಲಿ. ಪಹಣಿ ಕಂದಾಯದ ದಾಖಲೆ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗದು. ಋಣಭಾರ ಪತ್ರದಲ್ಲಿ ಬರೋದು ನೋಂದಣಿಯಾದ ವಹಿವಾಟು ಮಾತ್ರ. ನೋಂದಣಿಯಾಗದ ವಿಲ್, ಬಾಯಿಮಾತಿನ ಪಾಲು ಅದರಲ್ಲಿ ಕಾಣೋದಿಲ್ಲ.

ಜಾಸ್ತಿ ಕೇಳುವ ಕೆಲವು ಪ್ರಶ್ನೆ

ಎಫ್‌ಐಆರ್ ತಗೊಳ್ಳಲ್ಲ ಅಂತಾರೆ. ನಾಗರಿಕ ಸುರಕ್ಷಾ ಸಂಹಿತೆಯ 173 ಓದಿಕೊಂಡು ಹೋಗಿ. ಘಟನೆ ಯಾವ ಠಾಣೆ ವ್ಯಾಪ್ತಿಯಲ್ಲೇ ಆಗಿರಲಿ, ಸಂಜ್ಞೇಯ ಅಪರಾಧದ (ಪೊಲೀಸರು ವಾರೆಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ) ಮಾಹಿತಿ ಯಾವ ಠಾಣೆಯಲ್ಲಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ತಗೊಳ್ಳದಿದ್ದರೆ ದೂರನ್ನು ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅಪರಾಧ ಸಂಜ್ಞೇಯವೋ, ಜಾಮೀನು ಸಿಗುವಂಥದ್ದೋ ಅಂತ ಅದೇ ಸಂಹಿತೆಯ ಮೊದಲ ಅನುಸೂಚಿಯಲ್ಲಿ ಕೋಷ್ಟಕವಾಗಿ ಇದೆ. ಅದೊಂದು ಕೋಷ್ಟಕ ನೋಡಿದರೆ ಅರ್ಧ ಗಾಬರಿ ಇಳಿಯುತ್ತದೆ.

ಕೈಸಾಲ ಕೊಟ್ಟೆ, ಪತ್ರ ಇಲ್ಲ. ಬ್ಯಾಂಕ್ ಮೂಲಕ ಹೋಗಿದ್ದರೆ ಆ ದಾಖಲೆಯೇ ಆಧಾರ. ವಾಟ್ಸಾಪ್ ಮಾತುಕತೆಯನ್ನೂ ಹಾಜರುಪಡಿಸಬಹುದು, ಆದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಹೇಳುವ ಪ್ರಮಾಣಪತ್ರ ಜೊತೆಗಿರಬೇಕು. ಫೋನ್ ಮಾರಿಬಿಡಬೇಡಿ. ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ. ಆ ಮೂರು ವರ್ಷ ಮುಗಿಯೋದಕ್ಕೆ ಮುಂಚೆ ಸಾಲಗಾರ "ಹೌದು, ಕೊಡಬೇಕು" ಅಂತ ಬರೆದು ಸಹಿ ಹಾಕಿದರೆ ಲೆಕ್ಕ ಹೊಸದಾಗಿ ಶುರು. ಮುಗಿದ ಮೇಲೆ ಸಹಿ ಹಾಕಿಸಿದರೆ ಈ ಅನುಕೂಲ ಸಿಗದು.

ಬಾಡಿಗೆ ಕರಾರು ಯಾಕೆ 11 ತಿಂಗಳು? ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಬೇಕು. ಆ ಖರ್ಚು ಉಳಿಸೋ ಉಪಾಯ ಅದು, ಬೇರೆ ಗುಟ್ಟೇನಿಲ್ಲ.

ಕೊಂಡ ವಸ್ತು ಕೆಟ್ಟದ್ದು. ಬಿಲ್ಲು ಇಟ್ಟುಕೊಳ್ಳಿ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗ. ನೀವು ವಾಸವಿರುವ ಊರಿನ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಸರ್ಕಾರಿ ಕಚೇರಿಯ ಕಾಗದ ಬೇಕು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ, 30 ದಿನ. "ಯಾಕೆ ಮಾಡಲಿಲ್ಲ?" ಅಂತ ಜಗಳ ತೆಗೆಯಬೇಡಿ. "ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಅಂತ ಕೇಳಿ. ಕಾಗದ ಕೇಳಿದರೆ ಕಾಗದ ಸಿಗುತ್ತದೆ.

ಎಐ ಚಾಟ್‌ಬಾಟ್ ಕೇಳಬಹುದಾ?

ಕಷ್ಟದ ವಾಕ್ಯ ಬಿಡಿಸಿ ಹೇಳು ಅಂತ ಕೇಳಿ, ಚೆನ್ನಾಗಿ ಹೇಳುತ್ತದೆ. ತೀರ್ಪಿನ ಹೆಸರು ಕೊಟ್ಟರೆ ಮಾತ್ರ ನಂಬಬೇಡಿ, ಮೂಲದಲ್ಲಿ ತೆಗೆದು ನೋಡಿ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರೇ ಚಾಟ್‌ಬಾಟ್ ಹುಟ್ಟಿಸಿದ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟುವ ಹಾಗಾಯಿತು.

ಹಂತ 7: ವಕೀಲರ ಹತ್ತಿರ ಹೋಗುವ ದಿನ

ಬಂಧನದ ಭಯ ಇದ್ದರೆ, ಕೋರ್ಟಿನ ಸಮನ್ಸ್ ಬಂದರೆ, ಗಡುವು ಹತ್ತಿರವಾಗಿದ್ದರೆ, ಯಾರಾದರೂ ಸಹಿ ಹಾಕು ಅಂತ ಒತ್ತಾಯ ಮಾಡುತ್ತಿದ್ದರೆ ಹುಡುಕಾಟ ನಿಲ್ಲಿಸಿ ನೇರ ವಕೀಲರ ಹತ್ತಿರ ಹೋಗಿ.

ದುಡ್ಡಿಲ್ಲ ಅನ್ನೋದು ಅಡ್ಡಿಯಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಉಚಿತ ವಕೀಲರನ್ನು ಕೇಳಬಹುದು. ಇವರಿಗೆ ಆದಾಯದ ಮಿತಿ ಇಲ್ಲ, ಉಳಿದವರಿಗೆ ಇದೆ. ಫೋನ್ 15100. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೂ ತಗೊಳ್ಳುತ್ತಾರೆ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ ಅಂದರೆ ಎರಡು ವಿಷಯ ತಿಳಿದಿರಲಿ. ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಆದರೆ ಅಲ್ಲಿನ ಆದೇಶದ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ರಾಜಿ ಪತ್ರ ಪೂರ್ತಿ ಓದಿಸಿಕೊಂಡು, ಎಷ್ಟು ದುಡ್ಡು, ಯಾವ ತಾರೀಖಿನೊಳಗೆ ಅನ್ನೋದು ಅದರಲ್ಲಿ ಬರೆದಿದೆಯಾ ನೋಡಿ, ಆಮೇಲೆ ಸಹಿ ಹಾಕಿ.

ವಕೀಲರ ಎದುರು ಕೂತಾಗ ಕಥೆ ಶುರು ಮಾಡೋದಕ್ಕೆ ಮುಂಚೆ ಆ ಹಾಳೆ ಮುಂದಿಡಿ. ಮಾವ ಎರಡನೇ ಬೌನ್ಸ್ ಆದ ಮೇಲೆ ಹಾಗೇ ಮಾಡಿದ್ದರು. ವಕೀಲರು ಹಾಳೆಯ ಎಡಗಡೆ ಮಾತ್ರ ಬೆರಳಾಡಿಸಿ, "ನೋಟಿಸ್ ಇವತ್ತೇ ಟೈಪ್ ಮಾಡಿಸ್ತೀನಿ, ಮೆಮೊ ಕೊಡಿ" ಅಂದರು.